ಮಾಲೀಕರ ಮೇಜಿನ ಮೇಲೆ ನಿಂತ ಕೆಲಸ: ಒಂದು ಸಣ್ಣ ಮುದ್ರಣಾಲಯದ ಪ್ರಕರಣ ಅಧ್ಯಯನ

ಸಣ್ಣ ಉದ್ಯಮ ನಡೆಸುವವರು ಸಮಯ ಸಾಲುವುದಿಲ್ಲ ಎಂದಾಗ ಬೇಗ ಏಳಿ, ದಿನಚರಿ ಬರೆಯಿರಿ, ಫೋನು ದೂರವಿಡಿ ಎಂಬ ಸಲಹೆಗಳು ಎಲ್ಲ ಕಡೆಯಿಂದಲೂ ಬರುತ್ತವೆ. ಈ ಪ್ರಕರಣದ ಮಾಲೀಕರು ಅವುಗಳಲ್ಲಿ ಹೆಚ್ಚಿನವನ್ನು ಪ್ರಾಮಾಣಿಕವಾಗಿ ಪಾಲಿಸಿದರು, ಆದರೂ ಅವರ ಮುದ್ರಣಾಲಯದಲ್ಲಿ ಕೆಲಸಗಳು ತಡವಾಗುವುದು ನಿಲ್ಲಲಿಲ್ಲ. ಕಾರಣ ಎಲ್ಲಿತ್ತು, ಅದು ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಏನೇನು ಬದಲಾಯಿತು ಎಂಬುದನ್ನು ಇದೇ ಬಗೆಯ ಅಂಗಡಿ ನಡೆಸುವ ಇತರರಿಗೆ ಉಪಯೋಗವಾಗಲೆಂದು ಇಲ್ಲಿ ದಾಖಲಿಸಲಾಗಿದೆ. ಊರು ಮತ್ತು ವ್ಯಕ್ತಿಗಳ ಹೆಸರುಗಳನ್ನು ಕೊಟ್ಟಿಲ್ಲ. ಗುರುತು ಹಿಡಿಯಲು ಅನುವಾಗಬಹುದಾದ ಸಣ್ಣಪುಟ್ಟ ವಿವರಗಳನ್ನು ಬದಲಿಸಲಾಗಿದೆ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಈ ಮುದ್ರಣಾಲಯವನ್ನು ಈಗಿನ ಮಾಲೀಕರ ತಂದೆ ಅಚ್ಚುಮೊಳೆಗಳ ಕಾಲದಲ್ಲಿ ಆರಂಭಿಸಿದ್ದರು. ಮಗ ಜವಾಬ್ದಾರಿ ವಹಿಸಿಕೊಂಡ ಮೇಲೆ ಏಕವರ್ಣದ ಮಿನಿ ಆಫ್‌ಸೆಟ್ ಯಂತ್ರ ಬಂತು. ಹಳೆಯ ಟ್ರೆಡಲ್ ಯಂತ್ರವನ್ನು ಗುಜರಿಗೆ ಹಾಕದೆ, ಬಿಲ್ ಪುಸ್ತಕಗಳಿಗೆ ನಂಬರ್ ಹಾಕಲು, ಪರ್ಫೊರೇಷನ್ (ಹಾಳೆ ಹರಿಯಲು ಸಾಲುರಂಧ್ರ) ಮಾಡಲು, ಕಾರ್ಡುಗಳಿಗೆ ಮಡಿಕೆಯ ಗೆರೆ ಒತ್ತಲು ಉಳಿಸಿಕೊಂಡರು. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಸಿದ್ಧಪಡಿಸುವುದು) ಮಾಡುವ ಯುವತಿ, ಯಂತ್ರ ನಡೆಸುವ ಹಿರಿಯ ಆಪರೇಟರ್, ಅವರಿಗೊಬ್ಬ ಸಹಾಯಕ, ಕಟಿಂಗ್ ಮತ್ತು ಬೈಂಡಿಂಗ್ ನೋಡಿಕೊಳ್ಳುವ ಇನ್ನೊಬ್ಬರು, ಇಷ್ಟೇ ಸಿಬ್ಬಂದಿ. ಸಂಜೆಯ ಹೊತ್ತು ಮಾಲೀಕರ ಪತ್ನಿ ಬಂದು ಲೆಕ್ಕಪತ್ರ ನೋಡುತ್ತಾರೆ.

ಈ ಅಂಗಡಿಯ ಕಾಲದ ಲೆಕ್ಕಾಚಾರ ತಿಳಿಯಬೇಕಾದರೆ ಒಂದು ಸಂಗತಿ ಮುಖ್ಯ. ಅಚ್ಚಾಗಬೇಕಾದ ಪುಟವನ್ನು ಹೊತ್ತು ಯಂತ್ರಕ್ಕೆ ಏರುವ ತೆಳು ಹಾಳೆಯಾದ ಪ್ಲೇಟು ಇಲ್ಲಿ ತಯಾರಾಗುವುದಿಲ್ಲ. ಸಿದ್ಧವಾದ ಫೈಲನ್ನು ಜಿಲ್ಲಾ ಕೇಂದ್ರದ ಸಿಟಿಪಿ (ಕಂಪ್ಯೂಟರ್ ಫೈಲಿನಿಂದ ನೇರವಾಗಿ ಪ್ಲೇಟು ಮಾಡುವ) ಘಟಕಕ್ಕೆ ಕಳುಹಿಸಬೇಕು. ಅಲ್ಲಿ ಮಾಡಿದ ಪ್ಲೇಟು ಸಂಜೆಯ ಬಸ್ಸಿನಲ್ಲಿ ಪಾರ್ಸೆಲ್ ಆಗಿ ಬರುತ್ತದೆ ಮತ್ತು ಮರುದಿನ ಬೆಳಗ್ಗೆ ಯಂತ್ರಕ್ಕೆ ಏರುತ್ತದೆ. ಮಧ್ಯಾಹ್ನ 2 ಗಂಟೆಯೊಳಗೆ ಫೈಲು ಹೋಗದಿದ್ದರೆ ಆ ದಿನದ ಬಸ್ಸು ತಪ್ಪುತ್ತದೆ. ಹೀಗಾಗಿ ಇಲ್ಲಿ ಅರ್ಧ ಗಂಟೆಯ ವಿಳಂಬ ಅರ್ಧ ಗಂಟೆಗೇ ಮುಗಿಯುವುದಿಲ್ಲ, ಒಂದು ಇಡೀ ದಿನವನ್ನು ತಿನ್ನುತ್ತದೆ.

ವರ್ಷದ ಕೆಲಸವೂ ಸಮನಾಗಿ ಹಂಚಿಕೆಯಾಗಿಲ್ಲ. ಮಾರ್ಚ್ ತಿಂಗಳಲ್ಲಿ ಬಿಲ್ ಪುಸ್ತಕಗಳ ನೂಕುನುಗ್ಗಲು ಇರುತ್ತದೆ. ಜಿಎಸ್‌ಟಿ ನಿಯಮಾವಳಿಯ 46ನೇ ನಿಯಮದಂತೆ ತೆರಿಗೆ ಬಿಲ್ಲಿನ ಕ್ರಮಸಂಖ್ಯೆ 16 ಅಕ್ಷರಗಳನ್ನು ಮೀರಬಾರದು ಮತ್ತು ಒಂದು ಹಣಕಾಸು ವರ್ಷದೊಳಗೆ ಒಂದೇ ಸಂಖ್ಯೆ ಎರಡು ಸಲ ಬರಬಾರದು. ಆದ್ದರಿಂದ ಏಪ್ರಿಲ್ 1ರಿಂದ ಹೊಸ ಸರಣಿ ಆರಂಭಿಸಲು ಬಯಸುವ ವ್ಯಾಪಾರಿಗಳು ಮಾರ್ಚ್ ಕೊನೆಯ ವಾರದಲ್ಲಿ ಬಂದು ನಿಲ್ಲುತ್ತಾರೆ. ಅದು ಮುಗಿಯುವ ಮೊದಲೇ ಲಗ್ನಪತ್ರಿಕೆಗಳು ಶುರುವಾಗಿ ವೈಶಾಖ, ಜ್ಯೇಷ್ಠ ದಾಟುವವರೆಗೂ ಬಿಡುವಿರುವುದಿಲ್ಲ. ಆಷಾಢ ಬಂದರೆ ಮದುವೆಗಳಿಲ್ಲ, ಯಂತ್ರವೂ ಅರ್ಧ ದಿನ ಸುಮ್ಮನಿರುತ್ತದೆ.

ಸಮಸ್ಯೆ

ಮಾಲೀಕರು ಬೆಳಗ್ಗೆ 8ಕ್ಕೆ ಬಾಗಿಲು ತೆರೆದು ರಾತ್ರಿ 10 ದಾಟಿದ ಮೇಲೆ ಮನೆಗೆ ಹೋಗುತ್ತಿದ್ದರು. ಊಟ ಮೇಜಿನ ಮೇಲೆಯೇ ಆಗುತ್ತಿತ್ತು. ಇಷ್ಟಾದರೂ ಹೇಳಿದ ದಿನಕ್ಕೆ ಕೆಲಸ ಕೊಡಲು ಆಗುತ್ತಿರಲಿಲ್ಲ, ಮತ್ತು ಇದು ಗಮನಿಸಬೇಕಾದ ಮಾತು, ಸುಗ್ಗಿಯ ಕಾಲದಲ್ಲೂ ಬೆಳಗಿನ ಹೊತ್ತು ಯಂತ್ರ ಖಾಲಿ ನಿಲ್ಲುತ್ತಿತ್ತು. ಹದಿನಾಲ್ಕು ಗಂಟೆ ಬಿಡುವಿಲ್ಲದೆ ದುಡಿಯುವ ಮಾಲೀಕರು ಒಂದು ಕಡೆ, ಕೆಲಸವಿಲ್ಲದೆ ಕೂತ ಆಪರೇಟರ್ ಇನ್ನೊಂದು ಕಡೆ. ಈ ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ಹೊತ್ತಿನಲ್ಲಿ ಕಂಡರೆ ತೊಡಕು ದುಡಿಮೆಯ ಕೊರತೆಯದ್ದಲ್ಲ ಎಂದು ತಿಳಿಯಬೇಕು.

ಲಗ್ನಪತ್ರಿಕೆಯೊಂದರ ದಾರಿಯನ್ನು ಹಿಂಬಾಲಿಸಿದರೆ ಇದು ಸ್ಪಷ್ಟವಾಗುತ್ತದೆ. ಗಿರಾಕಿ ಬಂದು ಕಾರ್ಡಿನ ಮಾದರಿ ಆರಿಸುತ್ತಾರೆ. ದರವನ್ನು ಮಾಲೀಕರೇ ಹೇಳಬೇಕು. ವಿಷಯವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ಅದು ಯೂನಿಕೋಡ್‌ನಲ್ಲಿರುತ್ತದೆ, ಇಲ್ಲಿನ ಹಳೆಯ ಕೋರೆಲ್ ಡ್ರಾ (ವಿನ್ಯಾಸದ ತಂತ್ರಾಂಶ) ಫೈಲುಗಳು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತವೆ, ಪರಿವರ್ತಿಸುವಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪುವುದುಂಟು. ಆದ್ದರಿಂದ ಪ್ರೂಫ್ (ಅಚ್ಚಿಗೆ ಮುಂಚಿನ ಪರಿಶೀಲನಾ ಪ್ರತಿ) ನೋಡುವುದೂ ಮಾಲೀಕರೇ. ನಂತರ ಪ್ರೂಫ್ ಗಿರಾಕಿಗೆ ಹೋಗುತ್ತದೆ. ಅಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿದೆ, ಸುಖಾಗಮನ ಬಯಸುವವರ ಸಾಲಿನಲ್ಲಿ ದೊಡ್ಡಪ್ಪನವರು ಚಿಕ್ಕಪ್ಪನವರ ಕೆಳಗೆ ಬಂದಿದ್ದಾರೆ, ಕುಲದೇವರ ಹೆಸರಿನ ಮುಂದೆ ಶ್ರೀ ಸೇರಬೇಕು ಎಂಬ ತಿದ್ದುಪಡಿಗಳು ಒಂದೊಂದಾಗಿ, ಬೇರೆ ಬೇರೆ ಫೋನುಗಳಿಂದ, ಮಾಲೀಕರ ಮೊಬೈಲಿಗೇ ಬರುತ್ತವೆ. ಅವರು ಅದನ್ನು ಡಿಟಿಪಿ ಮೇಜಿಗೆ ಹೋಗಿ ಹೇಳಬೇಕು. ಇದರ ನಡುವೆ ಕಾಗದದ ವ್ಯಾಪಾರಿ, ಬಾಕಿ ಕೊಡಲು ಬಂದವರು, "ಅಣ್ಣಾ, ನಮ್ಮ ಕಾರ್ಡ್ ಆಯ್ತಾ?" ಎಂದು ಕೇಳುವ ಕರೆಗಳು. 2 ಗಂಟೆ ದಾಟುತ್ತದೆ, ಬಸ್ಸು ತಪ್ಪುತ್ತದೆ, ಮರುದಿನ ಬೆಳಗ್ಗೆ ಯಂತ್ರಕ್ಕೆ ಪ್ಲೇಟಿಲ್ಲ.

ಲಗ್ನಪತ್ರಿಕೆ ತಡವಾದರೆ ಆಗುವ ನಷ್ಟ ಬಿಲ್ ಪುಸ್ತಕ ತಡವಾದಂತಲ್ಲ. ಮುಹೂರ್ತದ ದಿನ ಮುಂದೆ ಹೋಗುವುದಿಲ್ಲ, ಹತ್ತಾರು ಊರಿಗೆ ತಿರುಗಿ ಕಾರ್ಡು ಕೊಟ್ಟು ಕರೆಯುವ ಮನೆಯವರ ದಿನಗಳು ಕೈತಪ್ಪುತ್ತವೆ. ಮಾಲೀಕರಿಗೆ ಇದರ ನೋವಿತ್ತು. ಒಂದು ವೈಶಾಖದಲ್ಲಿ ಎರಡು ತಲೆಮಾರಿನಿಂದ ಬರುತ್ತಿದ್ದ ಕುಟುಂಬವೊಂದು ಜಿಲ್ಲಾ ಕೇಂದ್ರದ ಮುದ್ರಣಾಲಯಕ್ಕೆ ಹೋದಾಗಲೇ ಅವರು ಏನಾದರೂ ಮಾಡಲೇಬೇಕೆಂದು ನಿಶ್ಚಯಿಸಿದ್ದು.

ಮೊದಲ ಪ್ರಯತ್ನಗಳು

ಮೊದಲು ವೇಳಾಪಟ್ಟಿ ಮಾಡಿದರು. ಬೆಳಗ್ಗೆ 9ರಿಂದ 11ರವರೆಗೆ ಪ್ರೂಫ್, ಆಮೇಲೆ ಗಿರಾಕಿಗಳು, ಸಂಜೆ ಲೆಕ್ಕ. ಪ್ರೂಫ್ ನೋಡುವ ಹೊತ್ತಿನಲ್ಲಿ ಗಿರಾಕಿ ಎದುರಿಗೆ ನಿಂತರೆ ಕಾಯಿಸಲು ಮನಸ್ಸು ಬರಲಿಲ್ಲ, ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಅದು ಸಾಧ್ಯವೂ ಅಲ್ಲ. ಹಳ್ಳಿಯಿಂದ ಬಂದವರು ಮರಳಿ ಹೋಗುವ ಬಸ್ಸಿನ ಸಮಯ ನೋಡಿಕೊಂಡು ಬಂದಿರುತ್ತಾರೆ. ವೇಳಾಪಟ್ಟಿ ಕೆಲವೇ ವಾರಗಳಲ್ಲಿ ಗೋಡೆಯ ಮೇಲಿನ ಕಾಗದವಾಗಿ ಉಳಿಯಿತು.

ಎರಡನೆಯದಾಗಿ ಅಂಗಡಿಯ ಮುಂಗಟ್ಟಿಗೆ ಒಬ್ಬ ಹುಡುಗನನ್ನು ನೇಮಿಸಿದರು. ಈ ಪ್ರಯತ್ನ ವಿಫಲವಾದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳಷ್ಟು ಅಂಗಡಿಗಳಲ್ಲಿ ಇದೇ ಆಗುತ್ತದೆ. ಹುಡುಗ ಚುರುಕಾಗಿದ್ದ, ಮಾತು ಮೃದುವಾಗಿತ್ತು. ಆದರೆ ದರ ಹೇಳುವ ಅಧಿಕಾರ ಅವನಿಗಿರಲಿಲ್ಲ, ದಿನ ಕೊಡುವ ಅಧಿಕಾರವೂ ಇರಲಿಲ್ಲ, ಯಾವ ಕೆಲಸ ಎಲ್ಲಿದೆ ಎಂಬುದು ಅವನಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ. ಪ್ರತಿಯೊಂದಕ್ಕೂ "ಅಣ್ಣನ್ನ ಕೇಳಿ ಹೇಳ್ತೀನಿ" ಎನ್ನುವುದೊಂದೇ ಅವನಿಂದ ಸಾಧ್ಯವಿತ್ತು. ಮೊದಲು ಗಿರಾಕಿ ಮಾಲೀಕರನ್ನು ಒಂದು ಸಲ ಕೇಳುತ್ತಿದ್ದರು. ಈಗ ಹುಡುಗ ಒಂದು ಸಲ, ಉತ್ತರ ಸಾಲದೆ ಗಿರಾಕಿ ಇನ್ನೊಂದು ಸಲ ಕೇಳತೊಡಗಿದರು. ಸಂಬಳ ಹೆಚ್ಚಿತು, ಅಡಚಣೆಯೂ ಹೆಚ್ಚಿತು. ಕೆಲವು ತಿಂಗಳ ನಂತರ ಹುಡುಗ ಬೇರೆ ಕಡೆಗೆ ಹೋದ.

ಮೂರನೆಯದಾಗಿ, ಸಾಲ ಮಾಡಿ ಇನ್ನೊಂದು ಸೆಕೆಂಡ್‌ಹ್ಯಾಂಡ್ ಆಫ್‌ಸೆಟ್ ಯಂತ್ರ ಕೊಳ್ಳುವ ಮಾತು ಬಂತು. ಬ್ಯಾಂಕಿನವರೊಂದಿಗೆ ಮಾತುಕತೆಯೂ ನಡೆಯಿತು. ಅದನ್ನು ತಡೆದವರು ಲೆಕ್ಕ ನೋಡುವ ಪತ್ನಿ. ಇರುವ ಯಂತ್ರವೇ ಬೆಳಗ್ಗೆ ನಿಂತಿರುತ್ತದೆ, ಎರಡನೆಯದು ಬಂದು ಏನು ಮಾಡುತ್ತದೆ ಎಂದು ಅವರು ಕೇಳಿದರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಎಲ್ಲರೂ ಮಾಲೀಕರ ಸಮಯದ ಬಗ್ಗೆ ಯೋಚಿಸುತ್ತಿದ್ದರು. ಕೆಲಸದ ಸಮಯ ಎಲ್ಲಿ ಹೋಗುತ್ತಿದೆ ಎಂದು ಮೊದಲು ಕೇಳಿದವರು ಅವರು.

ಲಕೋಟೆಯ ಮೇಲಿನ ಬರಹ

ಉತ್ತರ ಹುಡುಕಲು ಮಾಡಿದ ವ್ಯವಸ್ಥೆ ತೀರ ಸರಳವಾಗಿತ್ತು. ಪ್ರತಿ ಕೆಲಸದ ಕಾಗದಪತ್ರ, ಮಾದರಿ, ಪ್ರೂಫ್ ಎಲ್ಲವನ್ನೂ ಹಾಕಿಡುವ ಲಕೋಟೆ ಮೊದಲಿನಿಂದಲೂ ಇತ್ತು. ಅದರ ಮೇಲೆ ಕೆಲಸ ಬಂದದ್ದು, ಡಿಟಿಪಿ ಆದದ್ದು, ಪ್ರೂಫ್ ಒಪ್ಪಿಗೆಯಾದದ್ದು, ಫೈಲು ಹೋದದ್ದು, ಪ್ಲೇಟು ಬಂದದ್ದು, ಅಚ್ಚಾದದ್ದು, ಬೈಂಡಿಂಗ್ ಮುಗಿದದ್ದು, ಪ್ರತಿಯೊಂದರ ದಿನಾಂಕ ಮತ್ತು ಗಂಟೆಯನ್ನು ಆಯಾ ಹಂತದವರೇ ಬರೆಯಬೇಕೆಂದು ಗೊತ್ತುಮಾಡಿದರು. ಡಿಟಿಪಿಯ ಯುವತಿ ಇದನ್ನು ಶ್ರದ್ಧೆಯಿಂದ ನಡೆಸಿದರು. ಆಪರೇಟರ್ ಮೊದಲು ಗೊಣಗಿದರೂ ಬರೆದರು.

ಒಂದು ತಿಂಗಳ ಲಕೋಟೆಗಳನ್ನು ಮೇಜಿನ ಮೇಲೆ ಹರಡಿ ನೋಡಿದಾಗ ಕಂಡದ್ದು ಮಾಲೀಕರನ್ನು ಕಂಗೆಡಿಸಿತು. ಸಾಮಾನ್ಯ ಲಗ್ನಪತ್ರಿಕೆಯೊಂದು ಯಂತ್ರದ ಮೇಲೆ ಇರುತ್ತಿದ್ದುದು ಒಂದೆರಡು ಗಂಟೆ, ಡಿಟಿಪಿಗೆ ಅಷ್ಟೇ ಹೊತ್ತು, ಮಡಿಕೆ ಮತ್ತು ಕಟಿಂಗಿಗೆ ಇನ್ನಷ್ಟು. ಕೈಗಳು ದುಡಿದ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ದಿನ ತುಂಬುತ್ತಿರಲಿಲ್ಲ. ಆದರೆ ಕೆಲಸ ಬಂದ ದಿನಕ್ಕೂ ಮುಗಿದ ದಿನಕ್ಕೂ ನಡುವೆ ಒಂದು ವಾರ, ಕೆಲವಕ್ಕೆ ಹತ್ತು ದಿನ. ಉಳಿದದ್ದೆಲ್ಲ ಕಾಯುವಿಕೆ, ಅದರಲ್ಲಿ ದೊಡ್ಡ ಪಾಲು ಎರಡು ಕಡೆ: ಮಾಲೀಕರ ಮೇಜಿನ ಮೇಲೆ ಪ್ರೂಫ್ ಕಾದದ್ದು, ಗಿರಾಕಿಯ ಮನೆಯಲ್ಲಿ ಒಪ್ಪಿಗೆ ಕಾದದ್ದು.

ಇಲ್ಲಿ ಒಂದು ಗಣಿತದ ಮಾತು ಉಪಯೋಗಕ್ಕೆ ಬರುತ್ತದೆ. ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ, ಅವರ ಹೆಸರಿನಲ್ಲೇ ಪ್ರಸಿದ್ಧವಾದ ನಿಯಮದ ಪ್ರಕಾರ, ಒಂದು ವ್ಯವಸ್ಥೆಯೊಳಗೆ ಸರಾಸರಿ ಇರುವ ಕೆಲಸಗಳ ಸಂಖ್ಯೆಯು ಕೆಲಸಗಳು ಬರುವ ವೇಗವನ್ನು ಪ್ರತಿ ಕೆಲಸ ಒಳಗಿರುವ ಸರಾಸರಿ ಕಾಲದಿಂದ ಗುಣಿಸಿದಷ್ಟಿರುತ್ತದೆ. ಅಂಗಡಿಯ ಮಾತಿನಲ್ಲಿ ಹೇಳುವುದಾದರೆ, ದಿನಕ್ಕೆ 6 ಕೆಲಸ ಬಂದು 6 ಕೆಲಸ ಮುಗಿಯುವ ಕಡೆ 48 ಲಕೋಟೆಗಳು ಒಳಗಿದ್ದರೆ ಪ್ರತಿ ಗಿರಾಕಿ ಸರಾಸರಿ 8 ದಿನ ಕಾಯಲೇಬೇಕು. ಮಾಲೀಕರು ಎಷ್ಟು ಓಡಾಡಿದರೂ ಈ ಲೆಕ್ಕ ಬದಲಾಗುವುದಿಲ್ಲ. ದಿನದ ವೇಗ ಅಷ್ಟೇ ಇದ್ದು ಒಳಗಿರುವ ಲಕೋಟೆಗಳು 24ಕ್ಕೆ ಇಳಿದರೆ ಕಾಯುವುದು 4 ದಿನಕ್ಕೆ ಇಳಿಯುತ್ತದೆ. "ಯಾರಿಗೂ ಇಲ್ಲ ಅನ್ನಬಾರದು" ಎಂಬ ತಂದೆಯ ಕಾಲದ ನೀತಿಯಂತೆ ವಿಷಯ ಪೂರ್ತಿ ಬಾರದ, ಮುಂಗಡ ಕೊಡದ ಕೆಲಸಗಳನ್ನೂ ಒಳಗೆ ತೆಗೆದುಕೊಂಡು ಡಿಟಿಪಿ ಆರಂಭಿಸುತ್ತಿದ್ದುದರಿಂದ ಅರೆಬರೆ ಲಕೋಟೆಗಳು ರಾಶಿ ಬಿದ್ದಿದ್ದವು. ಅವುಗಳ ಬಗ್ಗೆ ಬರುವ ವಿಚಾರಣೆಯ ಕರೆಗಳೇ ಮಾಲೀಕರ ಪ್ರೂಫ್ ನೋಡುವ ಹೊತ್ತನ್ನು ಕಸಿಯುತ್ತಿದ್ದವು.

ಆಷಾಢದಲ್ಲಿ ತೆಗೆದುಕೊಂಡ ನಿರ್ಧಾರಗಳು

ಬದಲಾವಣೆಗೆ ಆಷಾಢವನ್ನು ಆರಿಸಿಕೊಂಡದ್ದು ಒಳ್ಳೆಯ ನಿರ್ಧಾರವಾಗಿತ್ತು. ಸುಗ್ಗಿಯ ನಡುವೆ ಹೊಸ ಕ್ರಮ ತಂದರೆ ಮೊದಲ ತೊಡಕಿಗೇ ಎಲ್ಲರೂ ಹಳೆಯ ದಾರಿಗೆ ಮರಳುತ್ತಾರೆ.

ಮೊದಲ ಹೆಜ್ಜೆ ದರಪಟ್ಟಿ. ಕಾಗದದ ಜಿಎಸ್‌ಎಂ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ), ಗಾತ್ರ, ಪ್ರತಿಗಳ ಸಂಖ್ಯೆ, ನಂಬರಿಂಗ್ ಇದೆಯೋ ಇಲ್ಲವೋ ಎಂಬುದನ್ನು ನೋಡಿ ಮಾಲೀಕರು ಮನಸ್ಸಿನಲ್ಲೇ ಮಾಡುತ್ತಿದ್ದ ಲೆಕ್ಕವನ್ನು ಬರೆದಿಡಲು ಕೂತಾಗ, ಬರುವ ಕೆಲಸಗಳಲ್ಲಿ ಹೆಚ್ಚಿನವು ಕೆಲವೇ ಬಗೆಗಳಿಗೆ ಸೇರುತ್ತವೆ ಎಂದು ಗೊತ್ತಾಯಿತು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಲೆಟರ್‌ಹೆಡ್, ಕರಪತ್ರ, ಶಾಲೆಯ ರಸೀದಿ ಪುಸ್ತಕ. ಇವುಗಳ ದರ ಬರೆದು ಲ್ಯಾಮಿನೇಟ್ ಮಾಡಿ ಡಿಟಿಪಿ ಮೇಜಿಗೆ ಕೊಟ್ಟರು, ಈ ಬಗೆಯ ಕೆಲಸಕ್ಕೆ ದರ ಹೇಳಿ ಮುಂಗಡ ಪಡೆದು ದಿನ ಕೊಡುವ ಅಧಿಕಾರವನ್ನೂ ಪ್ರೂಫ್ ನೋಡುವ ಹೊಣೆಯನ್ನೂ ಆ ಯುವತಿಗೇ ವಹಿಸಿದರು. ಸಂಬಳವನ್ನೂ ಏರಿಸಿದರು. ಅಧಿಕಾರ ಕೊಟ್ಟು ಸಂಬಳ ಹಾಗೆಯೇ ಉಳಿಸಿದ್ದರೆ ಅದು ನ್ಯಾಯವಾಗುತ್ತಿರಲಿಲ್ಲ, ಬಹುಶಃ ಉಳಿಯುತ್ತಲೂ ಇರಲಿಲ್ಲ.

ಎರಡನೆಯದು, ವಿಷಯ ಪೂರ್ತಿ ಮತ್ತು ಮುಂಗಡ ಎರಡೂ ಬರುವವರೆಗೆ ಲಕೋಟೆ ತೆರೆಯುವುದಿಲ್ಲ ಎಂಬ ನಿಯಮ. ತಿದ್ದುಪಡಿಗಳನ್ನು ಮನೆಯ ಒಬ್ಬರು ಮಾತ್ರ, ಒಂದೇ ಸಲಕ್ಕೆ, ಅಂಗಡಿಯ ಪ್ರತ್ಯೇಕ ಸಂಖ್ಯೆಗೆ ಕಳುಹಿಸಬೇಕು. ಮಧ್ಯಾಹ್ನ 12ರೊಳಗೆ ಒಪ್ಪಿಗೆ ಬಂದದ್ದು ಆ ದಿನದ ಬಸ್ಸಿಗೆ, ಆಮೇಲೆ ಬಂದದ್ದು ಮರುದಿನಕ್ಕೆ. ಈ ಗಡುವನ್ನು ಗಿರಾಕಿಗಳು ಅಷ್ಟೊಂದು ಸುಲಭವಾಗಿ ಒಪ್ಪಿದ್ದು ಎಲ್ಲರಿಗೂ ಆಶ್ಚರ್ಯ ತಂದಿತು. ನಿಯಮ ಎಂದರೆ ವಾದ ಮಾಡುವವರು ಬಸ್ಸು ಎಂದರೆ ಅರ್ಥಮಾಡಿಕೊಂಡರು, ಏಕೆಂದರೆ ಬಸ್ಸಿನ ಸಮಯ ಯಾರ ಇಚ್ಛೆಯೂ ಅಲ್ಲ.

ಮೂರನೆಯ ಸಲಹೆ ಆಪರೇಟರ್ ಅವರಿಂದಲೇ ಬಂತು. ಯಾರು ಹೆಚ್ಚು ಒತ್ತಾಯಿಸುತ್ತಾರೋ ಅವರ ಕೆಲಸವನ್ನು ಮೊದಲು ಏರಿಸುತ್ತಿದ್ದುದರಿಂದ ದಿನಕ್ಕೆ ಹಲವು ಸಲ ಶಾಯಿ ಬದಲಿಸಿ ರೋಲರ್ ತೊಳೆಯಬೇಕಾಗುತ್ತಿತ್ತು. ಒಂದೇ ಬಣ್ಣದವನ್ನು ಒಟ್ಟುಗೂಡಿಸಿ, ತಿಳಿ ಬಣ್ಣದಿಂದ ಆರಂಭಿಸಿ ಗಾಢ ಬಣ್ಣದ ಕಡೆಗೆ ಹೋದರೆ ತೊಳೆಯುವ ಕೆಲಸ ಬಹಳ ಕಡಿಮೆಯಾಗುತ್ತದೆ ಎಂದು ಅವರು ಮೊದಲಿನಿಂದಲೂ ಬಲ್ಲರು, ಕೇಳಿದವರಿರಲಿಲ್ಲ. ಮರುದಿನದ ಸರದಿಯನ್ನು ಹಿಂದಿನ ಸಂಜೆ ಹಲಗೆಯ ಮೇಲೆ ಬರೆಯುವ ಹೊಣೆ ಅವರದಾಯಿತು. ಆ ಹಲಗೆ ಮುಂಗಟ್ಟಿನಿಂದಲೂ ಕಾಣುವಂತಿದ್ದುದರಿಂದ "ಆಯ್ತಾ?" ಎಂಬ ಪ್ರಶ್ನೆಗೆ ಯಾರು ಬೇಕಾದರೂ ಉತ್ತರ ಹೇಳಬಹುದಾಯಿತು.

ಪರೀಕ್ಷೆಯಾದ ಘಟನೆ

ಶ್ರಾವಣದಲ್ಲಿ ಮದುವೆಗಳು ಮತ್ತೆ ಆರಂಭವಾದಾಗ ಒಂದು ಲಗ್ನಪತ್ರಿಕೆಯಲ್ಲಿ, ಬದುಕಿರುವ ಅಜ್ಜನ ಹೆಸರಿನ ಹಿಂದೆ ದಿವಂಗತ ಎಂಬುದರ ಸಂಕ್ಷೇಪವಾದ "ದಿ." ಅಚ್ಚಾಗಿ ಹೋಯಿತು. ಕಾರ್ಡುಗಳು ಮನೆ ಮುಟ್ಟಿದ ಮೇಲೆ ಗೊತ್ತಾದದ್ದು. ಮದುವೆಯ ಮನೆಯಲ್ಲಿ ಇಂತಹ ತಪ್ಪು ಎಷ್ಟು ನೋಯಿಸುತ್ತದೆ ಎಂದು ವಿವರಿಸಬೇಕಿಲ್ಲ. ಮಾಲೀಕರು ಸ್ವತಃ ಆ ಮನೆಗೆ ಹೋಗಿ ಹಿರಿಯರ ಕ್ಷಮೆ ಕೇಳಿದರು, ಕಾರ್ಡುಗಳನ್ನು ತಮ್ಮ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿಕೊಟ್ಟರು.

ಅಂಗಡಿಯಲ್ಲಿ ತಂದೆಯವರು ಮಗನಿಗೆ ಹೇಳಿದ ಮಾತು ಹೀಗಿತ್ತು: "ನಾನು ಮೊದಲೇ ಹೇಳಿದ್ದೆ. ಪ್ರೂಫ್ ನೀನೇ ನೋಡಪ್ಪ, ಬೇರೆಯವರ ಕೈಗೆ ಬಿಡಬೇಡ." ಡಿಟಿಪಿಯ ಯುವತಿ ತಾನು ಈ ಹೊಣೆ ಬಿಡುತ್ತೇನೆ ಎಂದು ಅಳುತ್ತಾ ನಿಂತಿದ್ದರು. ಇಡೀ ಪ್ರಕರಣ ತಿರುವು ಪಡೆದದ್ದು ಇಲ್ಲಿಯೇ. ಅಧಿಕಾರ ಹಂಚಿದ ಮಾಲೀಕರಲ್ಲಿ ಬಹುಪಾಲು ಜನ ಮೊದಲ ದೊಡ್ಡ ತಪ್ಪಿನ ದಿನವೇ ಅದನ್ನು ಮರಳಿ ಪಡೆಯುತ್ತಾರೆ, ಆಮೇಲೆ ಇನ್ನೊಮ್ಮೆ ಕೊಡುವ ಧೈರ್ಯ ಅವರಿಗೂ ಬರುವುದಿಲ್ಲ, ಪಡೆಯುವ ಧೈರ್ಯ ಸಿಬ್ಬಂದಿಗೂ ಬರುವುದಿಲ್ಲ.

ಇವರು ಹಾಗೆ ಮಾಡದೆ ತಪ್ಪು ಹೇಗೆ ನುಸುಳಿತೆಂದು ಲಕೋಟೆ ತೆಗೆದು ನೋಡಿದರು. ಎರಡು ಕಾರಣಗಳು ಸಿಕ್ಕವು. ಸಮಯ ಉಳಿಸಲೆಂದು ಹಿಂದಿನ ಯಾವುದೋ ಕಾರ್ಡಿನ ಫೈಲನ್ನೇ ತೆರೆದು ಅದರ ಮೇಲೆ ಹೊಸ ಹೆಸರುಗಳನ್ನು ತುಂಬಿದ್ದರು, ಹಳೆಯ ಕಾರ್ಡಿನ "ದಿ." ಅಳಿಸದೆ ಉಳಿದಿತ್ತು. ಮಾಲೀಕರೂ ಯಾವಾಗಲೂ ಇದೇ ರೀತಿ ಮಾಡಿಸುತ್ತಿದ್ದರು, ಆದ್ದರಿಂದ ಇದು ಒಬ್ಬರ ಅಜಾಗರೂಕತೆಯಲ್ಲ, ಅಂಗಡಿಯ ಅಭ್ಯಾಸ. ಎರಡನೆಯದಾಗಿ, ಪ್ರೂಫ್ ಒಪ್ಪಿದವನು ಆ ಮನೆಯ ಕಾಲೇಜು ಹುಡುಗ. ಮೊಬೈಲಿನ ಸಣ್ಣ ಪರದೆಯಲ್ಲಿ ಕಣ್ಣಾಡಿಸಿ ಸರಿ ಎಂದಿದ್ದ.

ಆ ವಾರವೇ ಹೆಸರುಗಳ ಜಾಗವೆಲ್ಲ ಖಾಲಿ ಇರುವ ಮೂಲ ಫೈಲುಗಳನ್ನು ಸಿದ್ಧಪಡಿಸಿ, ಹಳೆಯ ಕಾರ್ಡಿನಿಂದ ಹೊಸದನ್ನು ಮಾಡುವುದನ್ನು ನಿಲ್ಲಿಸಿದರು. ಪ್ರೂಫ್ ಜೊತೆಗೆ ಒಂದು ಪ್ರತ್ಯೇಕ ಹಾಳೆ ಹೋಗತೊಡಗಿತು: ವಧೂವರರು, ತಂದೆತಾಯಿ, ಅಜ್ಜಅಜ್ಜಿಯರ ಹೆಸರುಗಳು, ಅವುಗಳ ಹಿಂದಿನ ಗೌರವಸೂಚಕಗಳು, ದಿನಾಂಕ ಮತ್ತು ವಾರ, ಮುಹೂರ್ತದ ಗಂಟೆ, ಕಲ್ಯಾಣ ಮಂಟಪ. ಒಂದೊಂದಕ್ಕೂ ಗುರುತು ಹಾಕಿ ಸಹಿ ಮಾಡಬೇಕಾದವರು ವಧು ಅಥವಾ ವರನ ತಂದೆತಾಯಿಯರಲ್ಲಿ ಒಬ್ಬರೇ ಆಗಿರಬೇಕು. ದಿನಾಂಕಕ್ಕೂ ವಾರಕ್ಕೂ ತಾಳೆಯಾಗದ ತಪ್ಪುಗಳು ಈ ಹಾಳೆಯಿಂದಾಗಿ ಹಲವು ಸಲ ಅಚ್ಚಿಗೆ ಮೊದಲೇ ಸಿಕ್ಕಿವೆ. ಯುವತಿ ಕೆಲಸದಲ್ಲೂ ಹೊಣೆಯಲ್ಲೂ ಉಳಿದರು.

ನಂತರದ ಸ್ಥಿತಿ

ಮುಂದಿನ ಬೇಸಿಗೆಯ ಹೊತ್ತಿಗೆ ಸಾಮಾನ್ಯ ಲಗ್ನಪತ್ರಿಕೆ ಒಪ್ಪಿಗೆಯಾದ ಮೂರನೆಯ ದಿನ ಕೈಗೆ ಸಿಗುವಂತಾಗಿತ್ತು. ಬೆಳಗ್ಗೆ ಯಂತ್ರ ಖಾಲಿ ನಿಲ್ಲುವುದು ಅಪರೂಪವಾಯಿತು. ಎರಡನೆಯ ಯಂತ್ರದ ಮಾತು ಮತ್ತೆ ಬರಲಿಲ್ಲ. ಮಾಲೀಕರು ರಾತ್ರಿಯ ಊಟಕ್ಕೆ ಮನೆಯಲ್ಲಿರುತ್ತಾರೆ. ಮುಂಗಡದ ನಿಯಮದಿಂದ ಬೇಸರಗೊಂಡು ಕೆಲವು ಹಳೆಯ ಗಿರಾಕಿಗಳು ಬೇರೆ ಕಡೆ ಹೋದರು, ಅವರಲ್ಲಿ ಇಬ್ಬರು ಊರಿನ ಪ್ರಮುಖರು. ತಂದೆಯವರಿಗೆ ಆ ಕೊರಗು ಇನ್ನೂ ಇದೆ.

ಎಲ್ಲ ನಿರ್ಧಾರಗಳನ್ನೂ ಹಂಚಿಲ್ಲ, ಹಂಚಬಾರದವೂ ಇವೆ. ಚುನಾವಣೆಯ ಕರಪತ್ರಗಳನ್ನು ಇಂದಿಗೂ ಮಾಲೀಕರೇ ನೋಡುತ್ತಾರೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಂತೆ ಅಂತಹ ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು, ಪ್ರಕಾಶಕರಿಂದ ಇಬ್ಬರು ಪರಿಚಿತರು ದೃಢೀಕರಿಸಿದ ಘೋಷಣೆ ಪಡೆಯಬೇಕು, ಅದರ ಪ್ರತಿಯನ್ನು ಕರಪತ್ರದ ಜೊತೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ತಪ್ಪಿದರೆ 6 ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮುದ್ರಕರ ಮೇಲೆಯೇ ಕಾನೂನಿನ ಹೊಣೆ ಬೀಳುವ ಇಂತಹ ಕೆಲಸವನ್ನು ಸಮಯ ಉಳಿಸಲು ಬೇರೆಯವರಿಗೆ ದಾಟಿಸುವುದು ಸರಿಯಲ್ಲ. ಯಾವುದನ್ನು ಬಿಡಬೇಕೆಂದು ತೀರ್ಮಾನಿಸಲು ಈ ಮಾಲೀಕರು ಕೊನೆಗೆ ಕಂಡುಕೊಂಡ ಅಳತೆಯೂ ಇದಕ್ಕೆ ಹತ್ತಿರದ್ದು: ಮತ್ತೆ ಮತ್ತೆ ಬರುವ, ತಪ್ಪಿದರೆ ಹಣದಿಂದ ಸರಿಪಡಿಸಬಹುದಾದ ನಿರ್ಧಾರಗಳನ್ನು ಬರೆದು ಕೊಡಬಹುದು, ಅಪರೂಪಕ್ಕೆ ಬರುವ, ತಪ್ಪಿದರೆ ತಮ್ಮ ಸಹಿಯೇ ಉತ್ತರಿಸಬೇಕಾದ ನಿರ್ಧಾರಗಳನ್ನು ತಾವೇ ಇಟ್ಟುಕೊಳ್ಳಬೇಕು.

ಈ ಪ್ರಕರಣದ ಪಾಠವನ್ನು ಎಲ್ಲ ಅಂಗಡಿಗಳಿಗೂ ಹಾಗೆಯೇ ಅನ್ವಯಿಸಲಾಗದು. ಚಿನ್ನದ ಕುಸುರಿ ಮಾಡುವವರ ಅಥವಾ ವಾದ್ಯ ತಯಾರಿಸುವವರ ಕೈಚಳಕವೇ ಅವರ ವ್ಯಾಪಾರ. ಅಲ್ಲಿ ಮಾಲೀಕರ ಗಂಟೆಗಳು ನಿಜವಾಗಿಯೂ ಸಾಲದಿರಬಹುದು. ದರ, ಒಪ್ಪಿಗೆ, ಸರದಿ ಈ ಮೂರೂ ಒಬ್ಬರ ತಲೆಯಲ್ಲಿ ಮಾತ್ರ ಇರುವ ಹೊಲಿಗೆ ಅಂಗಡಿ, ಫ್ಯಾಬ್ರಿಕೇಷನ್ ಶೆಡ್, ಕೇಟರಿಂಗ್, ರಿಪೇರಿ ಅಂಗಡಿಗಳಲ್ಲಾದರೆ ಯಂತ್ರ ಕೊಳ್ಳುವ ಮೊದಲು, ಜನ ಸೇರಿಸುವ ಮೊದಲು, ಒಂದು ತಿಂಗಳು ಲಕೋಟೆಯ ಮೇಲೆ ಗಂಟೆ ಬರೆದು ನೋಡುವುದು ಖರ್ಚಿಲ್ಲದ ಕೆಲಸ.

ಒಂದು ತೊಡಕು ಹಾಗೆಯೇ ಉಳಿದಿದೆ. ಮಾಲೀಕರ ಮೇಜಿನ ಮೇಲಿದ್ದ ಭಾರದ ದೊಡ್ಡ ಪಾಲು ಈಗ ಡಿಟಿಪಿಯ ಒಬ್ಬರ ಮೇಜಿಗೆ ಬಂದಿದೆ. ಅವರು ರಜೆ ಹಾಕಿದ ವಾರದಲ್ಲಿ ಲಕೋಟೆಗಳು ಮತ್ತೆ ನಿಂತವು. ಬೈಂಡಿಂಗ್ ನೋಡಿಕೊಳ್ಳುವವರಿಗೆ ನುಡಿಯಲ್ಲಿ ಟೈಪ್ ಮಾಡಲು ಮತ್ತು ದರಪಟ್ಟಿ ನೋಡಿ ಕೆಲಸ ಒಪ್ಪಿಕೊಳ್ಳಲು ಕಲಿಸುವುದೆಂದು ತೀರ್ಮಾನವಾಗಿದ್ದು, ಕಲಿಸುವ ಹೊಣೆ ಆ ಯುವತಿಯದು. ಅದಕ್ಕೂ ಬರುವ ಆಷಾಢವನ್ನೇ ಗೊತ್ತುಮಾಡಿದ್ದಾರೆ.